ಮುಳಬಾಗಿಲಿನ ಕೆರೆ ಅರಬ್ಬೀ ಸಮುದ್ರಕ್ಕೆ ಬಿದ್ದ ದಿನ ಡೇಟಾಬೇಸ್ ಏನೂ ಹೇಳ್ಲಿಲ್ಲ

ಹೋದ ಬೇಸಿಗೆಲಿ ಒಂದು ಭಾನುವಾರ ಬೆಳಗ್ಗೆ ಎಂಟು ಗಂಟೆಗೆಲ್ಲಾ ಮುಳಬಾಗಿಲು ಕಡೆಯಿಂದ ಮೇಷ್ಟ್ರು ಫೋನ್ ಮಾಡಿದ್ರು. ಹೈಸ್ಕೂಲಲ್ಲಿ ಗಣಿತ ಹೇಳ್ಕೊಟ್ಟು ರಿಟೈರ್ ಆದವರು, ನಾವೊಂದಷ್ಟು ಜನ ಸೇರ್ಕೊಂಡು ಕೋಲಾರ ಜಿಲ್ಲೆ ಕೆರೆಗಳ ಗಡಿನ ಫೋನ್ ಹಿಡ್ಕೊಂಡು ನಡೆದೇ ಗುರುತು ಮಾಡೋ ಕೆಲಸ ಶುರು ಮಾಡಿದಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವರು ಅವರೇ. ಅವತ್ತು ಬಿಸಿಲೇರೋಕೆ ಮುಂಚೆ ಮುಗಿಸ್ಬೇಕು ಅಂತ ಐದೂವರೆಗೇ ಹೊರಟು, ಏರಿ ಮೇಲೆ ನಡೆದು, ಕೋಡಿ ದಾಟಿ, ಅಂಗಳದ ಆ ಕಡೆ ಜಾಲಿ ಮುಳ್ಳಿನ ಮಧ್ಯೆ ನುಗ್ಗಿ ಪೂರ್ತಿ ಕೆರೆ ಒಂದು ಸುತ್ತು ಹಾಕಿದ್ರು. ಸೇವ್ ಒತ್ತಿದ್ರೆ ಕೆಂಪಕ್ಷರದಲ್ಲಿ, ಇಂಗ್ಲಿಷಲ್ಲಿ, ಒಂದೇ ಸಾಲು: "ಜಿಯಾಮೆಟ್ರಿ ಕಂಟೇನ್ಸ್ ನಾನ್-ಕ್ಲೋಸ್ಡ್ ರಿಂಗ್ಸ್".

"ಸುತ್ತು ಮುಚ್ಚಿಲ್ಲ ಅಂತಿದೆ ಕಣಪ್ಪಾ, ನಾನು ಹೊರಟ ಹುಣಸೇಮರದ ಬುಡಕ್ಕೇ ಬಂದು ನಿಂತಿದೀನಲ್ಲ" ಅಂದ್ರು.

"ನೀವು ಸರಿಯಾಗೇ ನಿಂತಿದೀರ ಮೇಷ್ಟ್ರೇ, ಅಲ್ಲೇ ಇರಿ, ಫೋನ್ ಆಫ್ ಮಾಡ್ಬೇಡಿ" ಅಂತ ಹೇಳಿ ಲ್ಯಾಪ್‌ಟಾಪ್ ತೆಗ್ದೆ.

ವಿಷಯ ಇಷ್ಟೇ. ನಮ್ಮ ಡೇಟಾ ಇರೋದು ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸಲ್ಲಿ, ಅದರ ಮೇಲೆ ಜಾಗ, ಆಕಾರದ ಲೆಕ್ಕ ನೋಡ್ಕೊಳ್ಳೋ ಪೋಸ್ಟ್‌ಜಿಐಎಸ್ ಅನ್ನೋ ಸೇರ್ಪಡೆ. ಪಾಲಿಗನ್ ಅಂದ್ರೆ ಗೆರೆ ಸುತ್ತುವರಿದ ಆಕಾರ, ಅದರ ಮೊದಲ ಬಿಂದು ಮತ್ತು ಕೊನೆ ಬಿಂದು ಅಕ್ಷರಶಃ ಒಂದೇ ಆಗಿರ್ಬೇಕು, ಕೊನೇ ದಶಾಂಶದ ತನಕ. ಫೋನಿನ ಜಿಪಿಎಸ್ ಒಂದೇ ಜಾಗದಲ್ಲಿ ಎರಡು ಸಲ ಕೇಳಿದ್ರೆ ಎರಡು ಉತ್ತರ ಕೊಡತ್ತೆ, ಮರದ ಕೆಳಗೆ ನಿಂತ್ರೆ ಇನ್ನೂ ಜಾಸ್ತಿ ಅಲ್ಲಾಡತ್ತೆ. ಡಿಗ್ರಿ ಲೆಕ್ಕದಲ್ಲಿ ದಶಾಂಶದ ಐದನೇ ಅಂಕಿ ಅಂದ್ರೆ ಸುಮಾರು ಒಂದು ಮೀಟರ್. ಮೇಷ್ಟ್ರ ಸುತ್ತಿನ ಮೊದಲನೇ ಬಿಂದುಗೂ ಕೊನೇ ಬಿಂದುಗೂ ನಾಲ್ಕು ಮೀಟರ್ ವ್ಯತ್ಯಾಸ ಇತ್ತು ಅಷ್ಟೇ. ಡೇಟಾಬೇಸ್ ಹೇಳಿದ್ದೂ ನಿಜ, ಮೇಷ್ಟ್ರು ಹೇಳಿದ್ದೂ ನಿಜ, ಆದ್ರೆ ಆ ಸಾಲು ಓದಿ ಆ ಮನುಷ್ಯ ಮಾಡಬಹುದಾದ್ದು ಏನೂ ಇರ್ಲಿಲ್ಲ. ಇನ್ನೊಂದು ಸುತ್ತು ಹಾಕಿದ್ರೂ ಇದೇ ಎರರ್ ಬರ್ತಿತ್ತು, ಹತ್ತು ಸುತ್ತು ಹಾಕಿದ್ರೂ ಬರ್ತಿತ್ತು. ಎಪ್ಪತ್ತರ ಹತ್ತಿರದ ವಯಸ್ಸಿನವರನ್ನ ಮುಳ್ಳಲ್ಲಿ ಇನ್ನೊಂದು ಸುತ್ತು ನಡೆಸಿಬಿಡೋ ಶಕ್ತಿ ಇದ್ದ ಸಾಲು ಅದು, ಅವತ್ತಿಂದ ನನಗೆ ಎರರ್ ಮೆಸೇಜ್ ಅನ್ನೋದು ಸಣ್ಣ ವಿಷಯ ಅನ್ನಿಸಿಲ್ಲ.

ಈಗ ಅದೇ ಜಾಗದಲ್ಲಿ ಬರೋ ಮಾತು ಹೀಗಿದೆ: "ಹೊರಟ ಜಾಗಕ್ಕೂ ಈಗ ನಿಂತಿರೋ ಜಾಗಕ್ಕೂ 4 ಮೀಟರ್ ಅಂತರ ಇದೆ. ಹೊರಟ ಕಡೆಗೇ ವಾಪಸ್ ಬಂದಿದ್ರೆ 'ಸುತ್ತು ಸೇರಿಸು' ಒತ್ತಿ." ಅಂತರ 30 ಮೀಟರಿಗಿಂತ ಜಾಸ್ತಿ ಇದ್ರೆ ಬೇರೆ ಮಾತು: "ಇನ್ನೂ 140 ಮೀಟರ್ ಉಳಿದಿದೆ, ಕೋಡಿ ಕಡೆಗೆ ನಡೀರಿ" ಅಂತ. ಯಾವ ದಿಕ್ಕು ಅನ್ನೋದು ಹೇಗೂ ಎರಡು ಬಿಂದುಗಳಿಂದ ಗೊತ್ತಾಗತ್ತೆ, ಕೋಡಿ ಮತ್ತೆ ತೂಬು ಎಲ್ಲಿದೆ ಅಂತ ಮೊದಲೇ ಗುರುತು ಹಾಕ್ಸಿರ್ತೀವಿ, ಅದನ್ನ ಸೇರಿಸಿ ಹೇಳೋದಕ್ಕೆ ಹತ್ತು ಸಾಲು ಕೋಡ್ ಸಾಕಾಯ್ತು. ಉತ್ತರ, ಈಶಾನ್ಯ ಅಂತ ಹೇಳೋದಕ್ಕಿಂತ ತೂಬಿನ ಕಡೆ, ಕೋಡಿ ಕಡೆ ಅಂದ್ರೆ ಕೆರೆ ಗೊತ್ತಿರೋರು ಒಂದು ಕ್ಷಣನೂ ಯೋಚನೆ ಮಾಡಲ್ಲ.

ಇನ್ನೊಂದು ನಮಗೆ ಪದೇ ಪದೇ ಬರ್ತಿದ್ದಿದ್ದು ಸೆಲ್ಫ್ ಇಂಟರ್‌ಸೆಕ್ಷನ್, ಅಂದ್ರೆ ನಡೆದ ಗೆರೆ ತನ್ನನ್ನ ತಾನೇ ದಾಟೋದು. ಕೆರೆ ಸುತ್ತೋರಿಗೆ ಇದು ಸಹಜ. ಏರಿ ಮೇಲೆ ಹೋಗ್ತಾ ಇರ್ತೀರ, ತೂಬಿನ ಹತ್ತಿರ ಯಾರೋ ನೀರುಗಂಟಿ ಮಾತಾಡ್ಸ್ತಾರೆ, ಹತ್ತು ಹೆಜ್ಜೆ ವಾಪಸ್ ಬಂದು ಮಾತಾಡಿ ಮತ್ತೆ ಮುಂದೆ ಹೋಗ್ತೀರ, ಆಯ್ತು, ಅಲ್ಲೊಂದು ಗಂಟು ಬಿತ್ತು. ಪೋಸ್ಟ್‌ಜಿಐಎಸ್ ಈ ವಿಷಯದಲ್ಲಿ ನಿಜವಾಗ್ಲೂ ಒಳ್ಳೇದು, ಆಕಾರ ಸರಿ ಇದ್ಯಾ ಅಂತ ನೋಡೋ ಎಸ್‌ಟಿ_ಈಸ್‌ವ್ಯಾಲಿಡ್ ಫಂಕ್ಷನ್ ಬರೀ ಹೌದು ಇಲ್ಲ ಅನ್ನತ್ತೆ, ಆದ್ರೆ ಎಸ್‌ಟಿ_ಈಸ್‌ವ್ಯಾಲಿಡ್‌ರೀಸನ್ ಅಂತ ಇನ್ನೊಂದಿದೆ, ಅದು "ಸೆಲ್ಫ್-ಇಂಟರ್‌ಸೆಕ್ಷನ್" ಅಂತ ಹೇಳಿ ಪಕ್ಕದಲ್ಲೇ ಚೌಕ ಆವರಣದಲ್ಲಿ ಎಲ್ಲಿ ಅಂತ ರೇಖಾಂಶ ಅಕ್ಷಾಂಶ ಕೊಡತ್ತೆ. ಎಸ್‌ಟಿ_ಈಸ್‌ವ್ಯಾಲಿಡ್‌ಡೀಟೇಲ್ ಅಂದ್ರೆ ಇನ್ನೂ ಅನುಕೂಲ, ಕಾರಣ ಬೇರೆ, ಜಾಗ ಬೇರೆ ಮಾಡಿ ಕೊಡತ್ತೆ, ಆ ಜಾಗನ ಹಾಗೇ ಎತ್ಕೊಂಡು ಮ್ಯಾಪ್ ಮೇಲೆ ಕೆಂಪು ಚುಕ್ಕಿ ಇಡಬಹುದು. ಇಷ್ಟೆಲ್ಲಾ ಡೇಟಾಬೇಸ್ ಒಳಗೇ ಇದೆ, ಆದ್ರೂ ಎಷ್ಟೋ ಆಪ್‌ಗಳಲ್ಲಿ "ಅಮಾನ್ಯ ಆಕಾರ, ಮತ್ತೆ ಪ್ರಯತ್ನಿಸಿ" ಅಂತ ಮಾತ್ರ ಬರತ್ತೆ. ಗೊತ್ತಿರೋ ವಿಷಯನ ಮುಚ್ಚಿಟ್ಟು "ಮತ್ತೆ ಪ್ರಯತ್ನಿಸಿ" ಅನ್ನೋದು ನನ್ನ ಪ್ರಕಾರ ಅನ್ಯಾಯ.

ಇಲ್ಲೊಂದು ಮಾತು ಹೇಳ್ಬೇಕು. ಸುಮಾರು ಜನ ಕೇಳ್ತಾರೆ, ಎರರ್ ಯಾಕೆ ತೋರಿಸ್ಬೇಕು, ಎಸ್‌ಟಿ_ಮೇಕ್‌ವ್ಯಾಲಿಡ್ ಹಾಕಿ ತಾನಾಗೇ ಸರಿ ಮಾಡ್ಸಿಬಿಡಿ ಅಂತ. ಇನ್ನು ಕೆಲವರು ಹಳೇ ಉಪಾಯ ಹೇಳ್ತಾರೆ, ಆಕಾರದ ಅಂಚನ್ನ ಹಿಗ್ಗಿಸೋ ಬಫರ್ ಅನ್ನೋ ಫಂಕ್ಷನ್‌ನ ಸೊನ್ನೆ ಅಳತೆಲಿ ಹಾಕಿದ್ರೆ ಗಂಟು ಬಿಚ್ಚತ್ತೆ ಅಂತ. ಸಣ್ಣ ಗಂಟಿಗೆ ಸರಿ. ಆದ್ರೆ ಕೆರೆ ಎಂಟರ ಆಕಾರದಲ್ಲಿ ಬಂದಿದ್ರೆ, ಅಂದ್ರೆ ನಡೆದೋರು ಮಧ್ಯದಲ್ಲಿ ಅಡ್ಡ ಹಾದಿದ್ರೆ, ಸೊನ್ನೆ ಬಫರ್ ಎರಡು ಭಾಗದಲ್ಲಿ ಒಂದನ್ನ ಎತ್ತಿ ಬಿಸಾಕಿಬಿಡಬಹುದು, ಒಂದು ಮಾತೂ ಆಡದೆ. ಮೇಕ್‌ವ್ಯಾಲಿಡ್ ಎರಡೂ ಭಾಗ ಉಳಿಸ್ಕೊಳತ್ತೆ, ಆದ್ರೆ ಒಂದು ಕೆರೆ ಎರಡು ತುಂಡಾಗಿ ಕೂತಿರತ್ತೆ. ಕೋಲಾರದಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ, ಬದುಕು ನಿಂತಿರೋದೇ ಕೆರೆ ಮೇಲೆ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರೋದಕ್ಕೆ ಶುರುವಾದ ಮೇಲಂತೂ ಯಾವ ಕೆರೆ ಎಷ್ಟು ದೊಡ್ಡದು, ಎಲ್ಲಿ ತನಕ ಅಂಗಳ, ಎಲ್ಲಿಂದ ಒತ್ತುವರಿ ಅನ್ನೋದು ದಿನಾ ಜಗಳ ಆಗೋ ವಿಷಯ. ಅಂಥಾ ಕಡೆ ನಮ್ಮ ಸಾಫ್ಟ್‌ವೇರ್ ಸದ್ದಿಲ್ದೆ ಅರ್ಧ ಕೆರೆ ನುಂಗಿಬಿಟ್ರೆ ಅದಕ್ಕೆ ಯಾರು ಹೊಣೆ? ಹಾಗಾಗಿ ನಾವು ತಾನಾಗೇ ಸರಿ ಮಾಡೋದು ಇಟ್ಕೊಂಡಿಲ್ಲ. ಸರಿ ಮಾಡಿದ್ರೆ ಹೇಗೆ ಕಾಣತ್ತೆ, ವಿಸ್ತೀರ್ಣ ಎಷ್ಟಿಂದ ಎಷ್ಟಾಗತ್ತೆ ಅಂತ ಎರಡೂ ಪಕ್ಕಪಕ್ಕ ತೋರಿಸಿ, ನಡೆದವರೇ ಒಪ್ಪಿದ್ರೆ ಮಾತ್ರ ಬದಲಾಯಿಸ್ತೀವಿ.

ಈಗ ತಲೆಬರಹದ ವಿಷಯಕ್ಕೆ ಬರ್ತೀನಿ. ಇದುವರೆಗೂ ಹೇಳಿದ್ದು ಡೇಟಾಬೇಸ್ ಬಾಯಿ ಬಿಟ್ಟ ಕೇಸುಗಳು. ಬಾಯಿ ಬಿಡದೇ ಇರೋವು ಇದಾವಲ್ಲ, ಅವೇ ಕಷ್ಟ.

ಲೊಕೇಶನ್ ಡೇಟಾದಲ್ಲಿ ಎಲ್ಲರೂ ಮಾಡೋ ತಪ್ಪು ಅಂದ್ರೆ ಅಕ್ಷಾಂಶ ರೇಖಾಂಶ ಅದಲು ಬದಲು ಮಾಡೋದು. ನಾವು ಮಾತಲ್ಲಿ ಮೊದಲು ಅಕ್ಷಾಂಶ ಹೇಳ್ತೀವಿ, ಆಮೇಲೆ ರೇಖಾಂಶ, ಫೋನಿನ ಮ್ಯಾಪ್ ಕೂಡ ಹಾಗೇ ತೋರ್ಸತ್ತೆ. ಪೋಸ್ಟ್‌ಜಿಐಎಸ್‌ಗೆ ರೇಖಾಂಶ ಮೊದಲು ಕೊಡ್ಬೇಕು. ಜಾಗದ ಡೇಟಾ ಬರೆಯೋ ಜಿಯೋಜೇಸನ್ ಅನ್ನೋ ವಿಧಾನದಲ್ಲೂ ರೇಖಾಂಶ ಮೊದಲು, ಹಾಗಾಗಿ ಅದನ್ನ ಬಳಸೋ ಮಾಂಗೋಡಿಬಿ ಅನ್ನೋ ಡೇಟಾಬೇಸಲ್ಲೂ ಅದೇ. ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್ 8.0ರಲ್ಲಿ ಎಸ್‌ಆರ್‌ಐಡಿ 4326 (ಜಿಪಿಎಸ್ ಬಳಸೋ ಅಕ್ಷಾಂಶ ರೇಖಾಂಶ ಪದ್ಧತಿಯ ನಂಬರ್) ಅಂತ ಕೊಟ್ರೆ ಅಲ್ಲಿ ಅಕ್ಷಾಂಶ ಮೊದಲು. ಮೂರು ಡೇಟಾಬೇಸಲ್ಲಿ ಕೆಲಸ ಮಾಡೋನು ಯಾವತ್ತೋ ಒಂದಿನ ಉಲ್ಟಾ ಹಾಕೇ ಹಾಕ್ತಾನೆ, ಅದು ಅವನ ಬುದ್ಧಿ ಕಮ್ಮಿ ಅಂತಲ್ಲ.

ಉಲ್ಟಾ ಹಾಕಿದ್ರೆ ಎರರ್ ಬರತ್ತಲ್ವಾ ಅಂತ ಕೇಳಬಹುದು. ಅಕ್ಷಾಂಶ 90 ದಾಟೋ ಹಾಗಿಲ್ಲ, ಅದೊಂದೇ ಕಾವಲು. ಗುವಾಹಟಿ ತಗೊಳ್ಳಿ, ರೇಖಾಂಶ 91.74. ಉಲ್ಟಾ ಹಾಕಿದ್ರೆ ಅಕ್ಷಾಂಶ 91.74 ಆಗತ್ತೆ, ಮೈಎಸ್‌ಕ್ಯೂಎಲ್ 8 ತಕ್ಷಣ ಹೇಳತ್ತೆ, ಅಕ್ಷಾಂಶ 91.740000 ಮಿತಿ ಮೀರಿದೆ, -90ರಿಂದ 90ರ ಒಳಗಿರ್ಬೇಕು ಅಂತ, ಯಾವ ಫಂಕ್ಷನ್‌ನಲ್ಲಿ ಅಂತಾನೂ ಹೇಳತ್ತೆ. ಒಳ್ಳೇ ಮೆಸೇಜು, ತಪ್ಪು ಅಂಕಿ ಯಾವುದು ಅಂತ ಇದೆ, ಸರಿ ಮಿತಿ ಇದೆ. ಹಳೇ ಮೈಎಸ್‌ಕ್ಯೂಎಲ್‌ನಲ್ಲಿ ಕೆಟ್ಟ ಲೊಕೇಶನ್ ಡೇಟಾಗೆ ಸಿಗ್ತಿದ್ದ 1416 ನಂಬರಿನ ಎರರ್ ನೋಡಿದೋರಿಗೆ ಇದರ ಬೆಲೆ ಗೊತ್ತು, ನೀವು ಕಳಿಸಿದ ಡೇಟಾದಿಂದ ಜಿಯಾಮೆಟ್ರಿ ತೆಗೆಯಕ್ಕಾಗ್ಲಿಲ್ಲ ಅಂತ, ಅಷ್ಟೇ, ಮುಂದೆ ನೀವುಂಟು ನಿಮ್ಮ ಡೇಟಾ ಉಂಟು. ಮಾಂಗೋನೂ ಮೊದಮೊದಲು "ಮಾಲ್‌ಫಾರ್ಮ್ಡ್ ಜಿಯಾಮೆಟ್ರಿ?" ಅಂತ ಪ್ರಶ್ನೆ ಚಿಹ್ನೆ ಹಾಕಿ ನಮ್ಮನ್ನೇ ಕೇಳ್ತಿತ್ತು, ಆಮೇಲಿನ ವರ್ಶನ್‌ಗಳಲ್ಲಿ ಮಿತಿ ಮೀರಿದ ರೇಖಾಂಶ ಅಕ್ಷಾಂಶ ಎರಡನ್ನೂ ಬರೆದು ತೋರ್ಸತ್ತೆ, ಪಾಲಿಗನ್ ತನ್ನನ್ನ ತಾನೇ ದಾಟಿದ್ರೆ ಎಷ್ಟನೇ ಅಂಚು ಎಷ್ಟನೇ ಅಂಚನ್ನ ದಾಟಿದೆ ಅಂತಾನೂ ಹೇಳತ್ತೆ. ಇದನ್ನೆಲ್ಲಾ ಯಾರೋ ಕೂತು ಬದಲಾಯಿಸಿದಾರೆ, ಅವರಿಗೆ ನನ್ನ ನಮಸ್ಕಾರ.

ಆದ್ರೆ ನಮ್ಮ ಕರ್ನಾಟಕ? ರೇಖಾಂಶ 74ರಿಂದ 78ರ ಆಸುಪಾಸು. ಎಷ್ಟು ಉಲ್ಟಾ ಹಾಕಿದ್ರೂ 90 ದಾಟಲ್ಲ! ಚೆನ್ನೈ ದಾಟಲ್ಲ, ದೆಹಲಿ ದಾಟಲ್ಲ, ಕೋಲ್ಕತ್ತಾ 88.36, ಅದೂ ದಾಟಲ್ಲ. ಭಾರತದಲ್ಲಿ ಈ ಎರರಿನ ರಕ್ಷಣೆ ಇರೋದು ಗುವಾಹಟಿ, ಶಿಲ್ಲಾಂಗ್, ಇಂಫಾಲ, ಅಗರ್ತಲ, ಪೋರ್ಟ್ ಬ್ಲೇರ್ ಇಂಥಾ 90ರ ಪೂರ್ವದ ಜಾಗಗಳಿಗೆ ಮಾತ್ರ. ಕೋಲಾರ ಊರಿನ 13.13, 78.13ನ್ನ ಉಲ್ಟಾ ಹಾಕಿದ್ರೆ ಅದು ನಾರ್ವೆ ದೇಶದ ಸ್ವಾಲ್‌ಬಾರ್ಡ್ ದ್ವೀಪಗಳ ಪಶ್ಚಿಮ ತೀರಕ್ಕೆ, ಇಸ್‌ಫ್ಯೋರ್ಡನ್ ಅನ್ನೋ ಕಡಲ ಕೊರಕಲಿನ ಬಾಯಿಗೆ ಹೋಗಿ ಬೀಳತ್ತೆ. ಡೇಟಾಬೇಸ್ ಮಟ್ಟಿಗೆ ಅದು ಭೂಮಿ ಮೇಲಿನ ಒಂದು ಒಳ್ಳೇ ಜಾಗ. ಅಷ್ಟೇ ಅಲ್ಲ, ಪೋಸ್ಟ್‌ಜಿಐಎಸ್‌ನ ಜಿಯಾಮೆಟ್ರಿ ಟೈಪು (ಸಮತಟ್ಟು ನಕ್ಷೆಯ ಲೆಕ್ಕ) ಈ ಮಿತಿನ ನೋಡೋದೇ ಇಲ್ಲ, ಜಿಯಾಗ್ರಫಿ ಟೈಪಾದ್ರೆ (ಗುಂಡು ಭೂಮಿಯ ಲೆಕ್ಕ) ಮಿತಿ ಮೀರಿದ್ದನ್ನ ಮಿತಿಯೊಳಗೆ ತಳ್ಳಿ, ತಳ್ಳಿದೀನಿ ಅಂತ ಒಂದು ನೋಟೀಸ್ ಕೊಟ್ಟು ಸುಮ್ನಾಗತ್ತೆ, ಆ ನೋಟೀಸನ್ನ ಯಾವ ಆಪೂ ಓದಲ್ಲ.

ಮುಳಬಾಗಿಲಿನ ಕೆರೆ ಕಥೆ ಇದಕ್ಕಿಂತ ಸೂಕ್ಷ್ಮ. ಹಳೇ ಸರ್ವೆದು ತಾಲ್ಲೂಕುವಾರು ಫೈಲುಗಳು ಒಂದು ಕಚೇರಿಯಿಂದ ಸಿಕ್ಕಿದ್ವು, ಡಿಗ್ರಿಯಲ್ಲಲ್ಲ, ಮೀಟರಲ್ಲಿ, ಯುಟಿಎಂ ಅಂತಾರಲ್ಲ ಅದರಲ್ಲಿ. ಯುಟಿಎಂನಲ್ಲಿ ಇಡೀ ಭೂಮಿನ ಆರಾರು ಡಿಗ್ರಿಯ 60 ವಲಯ ಮಾಡಿರ್ತಾರೆ. ಕರ್ನಾಟಕ ಅಂದ್ರೆ ವಲಯ 43 ಅಂತ ಎಲ್ಲರ ಬಾಯಲ್ಲೂ ಇರತ್ತೆ, ಆದ್ರೆ ವಲಯ 43 ಮುಗಿಯೋದು 78 ಡಿಗ್ರಿಗೆ. ಆ ಗೆರೆ ಕೋಲಾರ ಜಿಲ್ಲೆನೇ ಸೀಳ್ಕೊಂಡು ಹೋಗತ್ತೆ, ಮಾಲೂರು ಈ ಕಡೆ 43ರಲ್ಲಿ, ಕೋಲಾರ, ಬಂಗಾರಪೇಟೆ, ಕೆಜಿಎಫ್, ಶ್ರೀನಿವಾಸಪುರ, ಮುಳಬಾಗಿಲು ಆ ಕಡೆ 44ರಲ್ಲಿ. ಫೈಲಿನ ಜೊತೆ ಇರ್ಬೇಕಾದ ವಲಯದ ವಿವರ ಇರ್ಲಿಲ್ಲ, ನಾನು ಮೊದಲು ಮಾಲೂರಿನ ಫೈಲನ್ನ 43 ಅಂತ ಹಾಕ್ದೆ, ಕರೆಕ್ಟಾಗಿ ಕೂತ್ಕೊಳ್ತು, ಅದೇ ಧೈರ್ಯದಲ್ಲಿ ಮುಳಬಾಗಿಲಿಂದನ್ನೂ 43 ಅಂತ ಹಾಕ್ದೆ. ಒಂದೇ ಒಂದು ಎರರ್ ಇಲ್ಲ, ಎಲ್ಲಾ ಸಾಲೂ ಒಳಗೆ ಹೋಯ್ತು. ಎರಡು ದಿನ ಬಿಟ್ಟು ಮೇಷ್ಟ್ರು "ನಮ್ಮ ತಾಲ್ಲೂಕಿನ ಕೆರೆ ಒಂದೂ ಕಾಣಿಸ್ತಿಲ್ವಲ್ಲಪ್ಪಾ" ಅಂದಾಗ ಮ್ಯಾಪನ್ನ ಹಿಂದಕ್ಕೆ ಎಳೆದು ನೋಡಿದ್ರೆ ಇಡೀ ತಾಲ್ಲೂಕಿನ ಕೆರೆಗಳು ಸರಿಯಾಗಿ ಆರು ಡಿಗ್ರಿ ಪಶ್ಚಿಮಕ್ಕೆ, ಅಂದ್ರೆ ಸುಮಾರು 650 ಕಿ.ಮೀ. ದೂರಕ್ಕೆ ಹೋಗಿ, ಮಂಗಳೂರು ದಾಟಿ ಇನ್ನೂ 250 ಕಿ.ಮೀ.ಗೂ ಆಚೆ ಅರಬ್ಬೀ ಸಮುದ್ರದಲ್ಲಿ ಸಾಲಾಗಿ ಕೂತಿದ್ವು. ಆಕಾರ ಎಲ್ಲಾ ಸರಿ ಇತ್ತು, ವಿಸ್ತೀರ್ಣ ಸರಿ ಇತ್ತು, ಒಂದಕ್ಕೊಂದು ದೂರನೂ ಸರಿ ಇತ್ತು.

ಆವತ್ತು ನಾನು ಕುಂತು ಬರೆದಿದ್ದು ಒಂದು ಟ್ರಿಗರ್ ಫಂಕ್ಷನ್, ಅಂದ್ರೆ ಹೊಸ ಸಾಲು ಸೇರೋ ಹೊತ್ತಿಗೆ ಡೇಟಾಬೇಸ್ ತಾನಾಗೇ ಓಡಿಸೋ ಕೋಡ್. ಅದರ ಯೋಚನೆ ಸರಳ, ಜಾಗ ಜಿಲ್ಲೆಯ ಹೊರಗಿದ್ರೆ "ಹೊರಗಿದೆ" ಅಂತ ಹೇಳಿ ನಿಲ್ಲಿಸ್ಬೇಡ, ಯಾವ ತಪ್ಪು ಮಾಡಿದ್ರೆ ಇದು ಒಳಗಿಂದ ಹೊರಗೆ ಹೋಗಿರಬಹುದು ಅಂತ ಒಂದೊಂದೇ ಬಿಚ್ಚಿ ನೋಡು. ಎರಡನ್ನೂ ಅದಲು ಬದಲು ಮಾಡಿದ್ರೆ ಜಿಲ್ಲೆ ಒಳಗೆ ಬರತ್ತಾ? ಹಾಗಾದ್ರೆ ಹೇಳು: "ಅಕ್ಷಾಂಶ ರೇಖಾಂಶ ಅದಲು ಬದಲಾಗಿರಬಹುದು, ತಿರುಗಿಸಿದ್ರೆ ಈ ಜಾಗ ಮುಳಬಾಗಿಲು ತಾಲ್ಲೂಕಲ್ಲಿ ಬರತ್ತೆ." ಆರು ಡಿಗ್ರಿ ಪೂರ್ವಕ್ಕೆ ಸರಿಸಿದ್ರೆ ಒಳಗೆ ಬರತ್ತಾ? "ವಲಯ 44ರ ಡೇಟಾನ 43 ಅಂತ ಓದಿರಬಹುದು." ಅಂಕಿ ಲಕ್ಷಗಳಲ್ಲಿ ಇದ್ಯಾ? ಡಿಗ್ರಿ ಅಲ್ಲ, ಮೀಟರ್ ಕೊಟ್ಟಿದಾರೆ, ಇಲ್ಲಾ ದಶಾಂಶದ ಚುಕ್ಕಿ ಬಿದ್ದೋಗಿದೆ. ಎರಡೂ ಸೊನ್ನೆನಾ? ಆಫ್ರಿಕಾದ ಪಕ್ಕ ಗಿನಿ ಕೊಲ್ಲಿಯಲ್ಲಿರೋ ಆ ಸೊನ್ನೆ ಸೊನ್ನೆ ಜಾಗಕ್ಕೆ ಪ್ರಪಂಚದ ಜನ ನಲ್ ಐಲ್ಯಾಂಡ್ ಅಂತ ಹೆಸರೇ ಇಟ್ಟಿದಾರೆ, ಅಲ್ಲಿ ದ್ವೀಪ ಇಲ್ಲ, ಬರೀ ಸಮುದ್ರ ಅಷ್ಟೇ. ನಮ್ಮ ಲೆಕ್ಕದಲ್ಲಿ ಅದರ ಅರ್ಥ "ಫೋನಿಗೆ ಇನ್ನೂ ಸಿಗ್ನಲ್ ಸಿಕ್ಕಿಲ್ಲ, ಮರದ ಕೆಳಗಿಂದ ಬಯಲಿಗೆ ಬಂದು ಒಂದು ನಿಮಿಷ ಕಾಯಿರಿ."

ಇದನ್ನ ಚೆಕ್ ಕನ್‌ಸ್ಟ್ರೇಂಟ್‌ನಲ್ಲೇ, ಅಂದ್ರೆ ಟೇಬಲ್ಲಿಗೇ ಹಾಕೋ ನಿಯಮದಲ್ಲೇ, ಮಾಡಬಹುದಿತ್ತಲ್ಲ ಅಂತ ಗೆಳೆಯ ಒಬ್ಬ ಕೇಳ್ದ. ತಡೆಯೋದಕ್ಕೆ ಅದು ಸಾಕು, ಹೇಳೋದಕ್ಕೆ ಸಾಲಲ್ಲ. ಕನ್‌ಸ್ಟ್ರೇಂಟ್ ಮುರಿದ್ರೆ ಪೋಸ್ಟ್‌ಗ್ರೆಸ್ ಅದರ ಹೆಸರು ಹೇಳಿ, ಕೆಳಗೆ ಡೀಟೇಲ್ ಅಂತ ಆ ಸಾಲಿನಲ್ಲಿ ಏನೇನಿತ್ತು ಅಂತ ಬರೀತದೆ, ಅದರಲ್ಲಿ ಜಾಗದ ಬದಲು ಬರೋದು 0101000020 ಅಂತ ಶುರುವಾಗೋ ಉದ್ದ ಹೆಕ್ಸ್ ಸಾಲು, ಪಾಲಿಗನ್ ಆದ್ರೆ 0103000020, ಅದೂ ಉದ್ದ ಆದ್ರೆ ಮಧ್ಯಕ್ಕೆ ಕತ್ತರಿಸಿ ಚುಕ್ಕಿ ಇಟ್ಟಿರತ್ತೆ. ಅದನ್ನ ನೋಡಿ ಸ್ವಾಲ್‌ಬಾರ್ಡಾ ಮುಳಬಾಗಿಲಾ ಅಂತ ಹೇಳೋ ಮನುಷ್ಯ ಹುಟ್ಟಿಲ್ಲ. ಕನ್‌ಸ್ಟ್ರೇಂಟೇ ಬೇಕು ಅನ್ನೋರು ಕೊನೇಪಕ್ಷ ಅದಕ್ಕೊಂದು ಅರ್ಥ ಇರೋ ಹೆಸರಾದ್ರೂ ಇಡಿ, ಹೆಸರು ಎರರಿನಲ್ಲಿ ಹಾಗೇ ಕಾಣತ್ತೆ. ಜೋಡಿ ಉದ್ಧರಣ ಚಿಹ್ನೆ ಒಳಗೆ ಕನ್ನಡದಲ್ಲೇ ಇಡಬಹುದು, 63 ಬೈಟ್ ಮಿತಿ ಇದೆ, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಚಿಹ್ನೆಗೂ, ಮೂರು ಮೂರು ಬೈಟ್ ಹೋಗತ್ತೆ. "ಕೆರೆ_ಜಿಲ್ಲೆಯ_ಹೊರಗಿದೆ" ಅನ್ನೋದು 56 ಬೈಟಿಗೆ ಕೂರತ್ತೆ, ನಾನು ಎಣಿಸಿ ನೋಡಿದೀನಿ.

ಟ್ರಿಗರ್‌ನಿಂದ ರೈಸ್ ಎಕ್ಸೆಪ್ಶನ್ ಮಾಡಿದ್ರೆ, ಅಂದ್ರೆ ನಾವೇ ಎರರ್ ಎಬ್ಬಿಸಿದ್ರೆ, ಮೆಸೇಜ್, ಡೀಟೇಲ್, ಹಿಂಟ್ ಅಂತ ಮೂರು ಬೇರೆ ಬೇರೆ ಜಾಗ ಸಿಗತ್ತೆ. ಪೋಸ್ಟ್‌ಗ್ರೆಸ್‌ನೋರು ತಮ್ಮ ಎರರ್ ಹೇಗೆ ಬರೀಬೇಕು ಅಂತಾನೇ ಒಂದು ಪುಟ ಬರೆದಿಟ್ಟಿದಾರೆ, ಮೆಸೇಜ್ ಚಿಕ್ಕದಾಗಿ ಬರೀ ನಡೆದ ಸಂಗತಿ ಇರ್ಲಿ, ವಿವರ ಡೀಟೇಲ್‌ಗೆ ಹೋಗ್ಲಿ, ಏನು ಮಾಡ್ಬೇಕು ಅನ್ನೋ ಸಲಹೆ ಹಿಂಟ್‌ಗೆ ಹೋಗ್ಲಿ ಅಂತ. ಅದರಲ್ಲಿ ಒಂದು ಮಾತು ನನಗೆ ತುಂಬಾ ಹಿಡಿಸ್ತು, "ಇಲ್ಲೀಗಲ್" ಅನ್ನೋ ಪದ ಕಾನೂನು ಮುರಿಯೋದಕ್ಕೆ ಇರ್ಲಿ, ಬೇಕಾದ್ರೆ "ಇನ್‌ವ್ಯಾಲಿಡ್" ಅನ್ನಿ, ಅದಕ್ಕಿಂತ ಯಾಕೆ ಇನ್‌ವ್ಯಾಲಿಡ್ ಅಂತ ಹೇಳಿದ್ರೆ ಇನ್ನೂ ಒಳ್ಳೇದು ಅಂತ. ನಮ್ಮ ಊಹೆ ಎಲ್ಲಾ ಹಿಂಟ್‌ನಲ್ಲೇ ಇರತ್ತೆ, "ಇರಬಹುದು" ಅನ್ನೋ ಪದದ ಜೊತೆ, ಯಾಕಂದ್ರೆ ಅದು ಊಹೆ. ಜೊತೆಗೆ ಐದಕ್ಷರದ ನಮ್ಮದೇ ಎರರ್ ಕೋಡ್ ಕೊಡ್ತೀವಿ, ಆಪ್ ಆ ಕೋಡ್ ನೋಡಿ ಕನ್ನಡದ ಮಾತು ತೋರ್ಸತ್ತೆ, ಲಾಗ್‌ನಲ್ಲಿ ನಮಗೆ ಬೇಕಾದ ಇಂಗ್ಲಿಷ್ ಉಳಿಯತ್ತೆ.

ಒಂದು ಸಂಗತಿ ನಡೂವೆ ಹೇಳಿಬಿಡ್ತೀನಿ, ಫೈಲಿಂದ ಸಾವಿರಾರು ಸಾಲು ತುಂಬೋರಿಗೆ ಉಪಯೋಗ ಆಗತ್ತೆ. ಕಾಪಿ ಕಮಾಂಡಲ್ಲಿ ಹಾಕಿದ್ರೆ ಎರರ್ ಜೊತೆ ಎಷ್ಟನೇ ಸಾಲು ಅಂತ ಬರತ್ತೆ. ಒಂದೇ ಇನ್ಸರ್ಟಲ್ಲಿ ಐನೂರು ಸಾಲು ಸೇರಿಸಿ ಕಳಿಸಿದ್ರೆ ಒಂದು ಕೆಟ್ಟ ಸಾಲಿಗೆ ಐನೂರೂ ವಾಪಸ್, ಯಾವುದು ಅಂತ ಸಾಲಿನ ನಂಬರ್ ಬರಲ್ಲ. ಹಾಗಾಗಿ ನಮ್ಮ ಟ್ರಿಗರ್ ಮೆಸೇಜಿನಲ್ಲಿ ಮೊದಲೇ ಕೆರೆ ಹೆಸರು, ಊರು, ಯಾರು ನಡೆದಿದ್ದು ಇದೆಲ್ಲಾ ಸೇರಿಸ್ತೀವಿ. "ಸಾಲು 412" ಅನ್ನೋದಕ್ಕಿಂತ ಊರಿನ ಹೆಸರು ಬಂದ್ರೆ ಫೋನ್ ಯಾರಿಗೆ ಮಾಡ್ಬೇಕು ಅಂತ ತಕ್ಷಣ ಗೊತ್ತಾಗತ್ತೆ.

ಇಷ್ಟಾದ್ರೂ ಒಂದು ತಪ್ಪು ತಪ್ಪಿಸ್ಕೊಂಡು ಹೋಗ್ತಿತ್ತು, ಡಿಗ್ರಿ ನಿಮಿಷ ಸೆಕೆಂಡಿಂದು. ಕೆಲವರು ಹಳೇ ಜಿಪಿಎಸ್ ಯಂತ್ರದಲ್ಲಿ 13 ಡಿಗ್ರಿ 09 ನಿಮಿಷ 50 ಸೆಕೆಂಡ್ ಅಂತ ಓದಿ 13.0950 ಅಂತ ಬರೀತಿದ್ರು. ನಿಜವಾಗಿ ಅದು 13.1639. ರೇಖಾಂಶ 78 ಡಿಗ್ರಿ 23 ನಿಮಿಷ 40 ಸೆಕೆಂಡು 78.2340 ಆಗಿ ಬರ್ತಿತ್ತು, ಆಗ್ಬೇಕಿದ್ದು 78.3944. ಮುಳಬಾಗಿಲಿನ ಕೆರೆ ಹತ್ತೊಂಬತ್ತು ಕಿ.ಮೀ. ನೈಋತ್ಯಕ್ಕೆ ಸರಿದು ಬಂಗಾರಪೇಟೆಯ ಉತ್ತರಕ್ಕೆ ಎಲ್ಲೋ ಕೂರತ್ತೆ. ಜಿಲ್ಲೆ ಒಳಗೇ ಇದೆ, ಕೆರೆ ಇರಬಹುದಾದ ಜಾಗದಲ್ಲೇ ಇದೆ. ತಾಲ್ಲೂಕಿನ ಗಡಿ ಇಟ್ಟು ನೋಡಿದ್ರೆ ಕೆಲವು ಸಿಗತ್ತೆ, ಎಲ್ಲಾ ಸಿಗಲ್ಲ. ಇದಕ್ಕೆ ದಾರಿ ಹೇಳಿಕೊಟ್ಟಿದ್ದು ಮೇಷ್ಟ್ರೇ, ಗಣಿತದ ಮೇಷ್ಟ್ರಲ್ವಾ. "ಒಂದು ಬಿಂದು ನೋಡಿ ಹೇಳಕ್ಕಾಗಲ್ಲ ಕಣಪ್ಪಾ, ಒಬ್ಬರು ಕೊಟ್ಟಿದ್ದನ್ನೆಲ್ಲಾ ಒಟ್ಟಿಗೆ ನೋಡು, ಸೆಕೆಂಡು 60 ದಾಟಲ್ಲ" ಅಂದ್ರು. ಎಂಥಾ ಮಾತು! ದಶಾಂಶದ ಮೂರನೇ ನಾಲ್ಕನೇ ಅಂಕಿನ ಜೋಡಿಸಿ ನೋಡಿದ್ರೆ ನಿಜವಾದ ದಶಾಂಶದಲ್ಲಿ 00ರಿಂದ 99ರ ತನಕ ಎಲ್ಲಾ ಬರ್ಬೇಕು, 20 ಬಿಂದು ಇದ್ರೆ ಸುಮಾರು ಎಂಟರಲ್ಲಾದ್ರೂ ಅದು 60 ಅಥವಾ ಮೇಲೆ ಇರ್ಬೇಕು. ಒಬ್ಬರ 20 ಬಿಂದುವಲ್ಲೂ ಒಂದೂ 60 ಮುಟ್ಟಿಲ್ಲ ಅಂದ್ರೆ ಅವರು ಸೆಕೆಂಡು ಬರೀತಿದಾರೆ ಅಂತ ಹೆಚ್ಚುಕಮ್ಮಿ ಖಚಿತ. ಇದು ಎರರ್ ಅಲ್ಲ, ಯಾವುದನ್ನೂ ತಡೆಯಲ್ಲ, ರಾತ್ರಿ ಒಂದು ಸಲ ಲೆಕ್ಕ ಹಾಕಿ ನಮಗೆ ಒಂದು ಸಾಲು ಕಳ್ಸತ್ತೆ: "ಇವರ 23 ಬಿಂದುಗಳಲ್ಲಿ ಒಂದೂ 60 ದಾಟಿಲ್ಲ, ಡಿಗ್ರಿ-ನಿಮಿಷ-ಸೆಕೆಂಡ್ ಆಗಿರಬಹುದು, ಕೇಳಿ ನೋಡಿ."

ಕನ್ನಡ ಅಂಕಿದು ಬೇಗ ಹೇಳಿ ಮುಗಿಸ್ತೀನಿ. ಒಬ್ಬರು ಕನ್ನಡ ಕೀಬೋರ್ಡಲ್ಲಿ ೧೩.೧೬೩೯ ಅಂತ ಹಾಕಿದ್ರು, ಇನ್‌ವ್ಯಾಲಿಡ್ ಇನ್‌ಪುಟ್ ಸಿಂಟ್ಯಾಕ್ಸ್ ಅಂತ ಬಂತು. ಇದಕ್ಕೆ ಒಳ್ಳೇ ಎರರ್ ಮೆಸೇಜ್ ಬರೆಯೋ ಪ್ರಶ್ನೆನೇ ಇಲ್ಲ, ಅವರು ಬರೆದಿದ್ದು ಸರಿ. ಹತ್ತು ಅಂಕಿ ಬದಲಾಯಿಸೋದಕ್ಕೆ ಟ್ರಾನ್ಸ್‌ಲೇಟ್ ಫಂಕ್ಷನ್ ಒಂದು ಸಾಲು, ಹಾಕಿದ್ವಿ, ಆಯ್ತು.

ಕೊನೇದಾಗಿ ಮೊನ್ನೆ ಕಾರ್ತಿಕದಲ್ಲಿ ಆದದ್ದು. ಮೇಷ್ಟ್ರು ಮತ್ತೆ ಫೋನ್ ಮಾಡಿದ್ರು, ಈ ಸಲ ಮೆಸೇಜ್ ಕನ್ನಡದಲ್ಲೇ ಬಂದಿತ್ತು: "ಈ ಕೆರೆಯ ಒಂದು ಭಾಗ ಕೋಲಾರ ಜಿಲ್ಲೆಯ ಹೊರಗಿದೆ." ಕೆಳಗೆ ಹಿಂಟ್ ಖಾಲಿ, ಯಾಕಂದ್ರೆ ನಮ್ಮ ಯಾವ ಊಹೆಗೂ ಅದು ಹೊಂದಿರ್ಲಿಲ್ಲ.

"ಹೊರಗೇ ಇದೆಯಪ್ಪಾ, ಕೆರೆ ಕಟ್ಟಿದೋರು ರಾಜ್ಯ ನೋಡ್ಕೊಂಡು ಕಟ್ಟಿದ್ರಾ" ಅಂದ್ರು ಮೇಷ್ಟ್ರು. ಮುಳಬಾಗಿಲು ಅಂದ್ರೆ ಆಂಧ್ರದ ಗಡಿ, ಏರಿ ತೂಬು ಅಚ್ಚುಕಟ್ಟು ಎಲ್ಲಾ ಈ ಕಡೆ, ಅಂಗಳದ ಒಂದು ಮೂಲೆ ಆ ಕಡೆ. ಅವರು ಸರಿಯಾದ ಜಾಗದಲ್ಲೇ ನಿಂತಿದ್ರು, ತಪ್ಪಿದ್ದಿದ್ದು ನನ್ನ ನಿಯಮ. ಆವತ್ತೇ ಕೂತು ಬದಲಾಯಿಸ್ದೆ. ಈಗ ಜಿಲ್ಲೆಯ ಹೊರಗೆ ಹೋದ್ರೆ ತಿರಸ್ಕಾರ ಮಾಡಲ್ಲ, ತಡೆಹಿಡಿಯತ್ತೆ, ಎಷ್ಟು ಗುಂಟೆ ಹೊರಗಿದೆ ಅಂತ ಹೇಳತ್ತೆ, ಕೆಳಗೆ ಎರಡು ಗುಂಡಿ, "ಮತ್ತೆ ನೋಡ್ತೀನಿ" ಮತ್ತೆ "ಸರಿ ಇದೆ, ನಾನು ಇಲ್ಲೇ ನಿಂತಿದೀನಿ". ಎರಡನೇದು ಒತ್ತಿದ್ರೆ ಕಾರಣ ಬರೆಯೋಕೆ ಜಾಗ ಇದೆ, ಬೇಕಾದ್ರೆ ಫೋಟೋ ಹಾಕಬಹುದು, ಇಂಥಾವನ್ನ ನಮ್ಮಲ್ಲಿ ಒಬ್ಬರು ನೋಡಿ ಒಪ್ತಾರೆ. ಇದುವರೆಗೂ ಹಾಗೆ ಮೂರು ಕೆರೆ ಬಂದಿದೆ. ಮೊದಲನೇದರ ಕಾರಣದ ಜಾಗದಲ್ಲಿ ಮೇಷ್ಟ್ರು ಬರೆದಿದ್ದು ಹಾಗೇ ಇದೆ: "ಪೂರ್ವದ ಮೂಲೆ ಆಂಧ್ರಕ್ಕೆ ಸೇರತ್ತೆ. ಮಳೆ ಜಾಸ್ತಿ ಆದ ವರ್ಷ ನೀರು ಅಲ್ಲಿ ತನಕ ನಿಲ್ಲತ್ತೆ. ಆ ಊರಿನವರನ್ನೂ ಕೇಳಿ ಬರೆದಿದೀನಿ."